ದೊರೆಯ ಜಹಗೀರು

ಮಾರ್ಚ್ 4

ಸರ್ವೆಯರ್ ಸಾಹೇಬರ ಸನ್ನಿಧಾನಕ್ಕೆ,

ಅಮ್ಮ ಹೋದ ಮೇಲೆ ಅವಳ ಬಾಡಿಗೆ ಮನೆ ಖಾಲಿ ಮಾಡಿದ ದಿನ ತಾವು ಹೇಳಿದ ಮಾತು ನೆನಪಿದೆ. "ಇನ್ಮೇಲೆ ಏನಿದ್ರೂ ಕಾಗದ ಬರಿ. ಫೋನಲ್ಲಿ ನಿನ್ನ ದನಿ ಕೇಳಕ್ಕೆ ನನ್ನ ಕೈಲಾಗಲ್ಲ." ಅಪ್ಪಣೆಯಂತೆ ಬರೆಯುತ್ತಿದ್ದೇನೆ. ಅಷ್ಟು ಹೇಳಿದ ಬಾಯಿಯೇ ಅರ್ಧ ಗಂಟೆಯೊಳಗೆ ಬೆಣ್ಣೆಯಾಗಿ, "ಅಕ್ಕ, ಈ ಬೆಕ್ಕನ್ನ ಒಂದು ತಿಂಗಳು ಇಟ್ಕೊ, ಕ್ಯಾಂಪು ಮುಗಿದ ತಕ್ಷಣ ಬಂದು ಕರ್ಕೊಂಡು ಹೋಗ್ತೀನಿ" ಎಂದು ಬುಟ್ಟಿಯನ್ನು ನನ್ನ ಕೈಗೆ ತುರುಕಿತು. ಆ ಒಂದು ತಿಂಗಳು ಶುರುವಾಗಿ ಈಗ ನಾಲ್ಕು ತಿಂಗಳು. ಊರನ್ನೆಲ್ಲ ಅಳೆಯುವವರಿಗೆ ತಿಂಗಳನ್ನು ಅಳೆಯಲು ಬರುವುದಿಲ್ಲ ಎಂದು ಕಾಣುತ್ತದೆ.

ಅಮ್ಮ ಅದಕ್ಕೆ ದೊರೆ ಎಂದು ಹೆಸರಿಟ್ಟಳು. ಹದಿನಾರು ವರ್ಷದಿಂದ ಅದು ಆ ಹೆಸರನ್ನು ನಿಜವೆಂದೇ ನಂಬಿಕೊಂಡಿದೆ. ಅರ್ಧ ಹಲ್ಲು ಉದುರಿವೆ, ಗತ್ತು ಮಾತ್ರ ಎಳ್ಳಷ್ಟೂ ಉದುರಿಲ್ಲ. ಊಟ ಐದು ನಿಮಿಷ ತಡವಾದರೆ ನನ್ನನ್ನು ಕೆಲಸದಿಂದ ತೆಗೆದುಹಾಕುವವರ ಹಾಗೆ ನೋಡುತ್ತದೆ. ಅದನ್ನೆಲ್ಲ ಸಹಿಸಬಲ್ಲೆ. ಅಮ್ಮನ ರತ್ನಗಂಬಳಿಯ ಗತಿಯನ್ನು ಮಾತ್ರ ಸಹಿಸಲಾರೆ.

ನನ್ನ ಪಾಲಿನ ಅರ್ಧ ರತ್ನಗಂಬಳಿ. ಇಬ್ಬರಿಗೂ ಅದೇ ಬೇಕು, ಇಬ್ಬರೂ ಬಿಡುವುದಿಲ್ಲ ಎಂದಾಗ ತಾವು ಮಂಡಿಯೂರಿ ಟೇಪು ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ, ಕತ್ತರಿಸು" ಎಂದಿರಲ್ಲ, ಅದು. ತಾವು ಒಂದು ತುದಿ ಬಿಗಿಯಾಗಿ ಹಿಡಿದಿರಿ, ನಾನು ಪರದೆ ಬಟ್ಟೆಯ ಕತ್ತರಿ ಆಡಿಸಿದೆ. ಅಕ್ಕ ಪರದೆ ಹೊಲಿಯುವವಳು, ತಮ್ಮ ನೆಲ ಅಳೆಯುವವನು ಆದ ಮನೆಯಲ್ಲಿ ಮಾತ್ರ ಇಂಥ ಕೆಲಸ ನಡೆಯುತ್ತದೆ. ಬೇರೆಯವರಾಗಿದ್ದರೆ ಜಗಳವಾಡಿ ಒಬ್ಬರಾದರೂ ಪೂರ್ತಿ ಒಯ್ಯುತ್ತಿದ್ದರು.

ಅದನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಿರಾಕಿಗಳು ಕೂತು ಬಟ್ಟೆ ಆರಿಸುವ ಕಡೆ ಹಾಸಿದ್ದೇನೆ. ಕತ್ತರಿಸಿದ ಅಂಚಿಗೆ ದಪ್ಪ ದಾರದಲ್ಲಿ ಪಟ್ಟಿ ಹೊಲಿದಿದ್ದೆ. ದೊರೆಗಳು ಪ್ರತಿ ಸಂಜೆ ಸರಿಯಾಗಿ ಅಲ್ಲಿಗೇ ದಯಮಾಡಿಸಿ, ಅದೇ ಅಂಚನ್ನು ಪರಚಿ ನೂಲು ನೂಲು ಮಾಡುತ್ತಾರೆ. ಮೂರು ಸಲ ಹೊಲಿದೆ, ಮೂರು ಸಲವೂ ಕಿತ್ತಿತು. ಗದರಿದರೆ ಕ್ಯಾರೇ ಅನ್ನುವುದಿಲ್ಲ. ಅಮ್ಮನ ಜೊತೆ ಕೊನೆಯ ಎರಡು ವರ್ಷ ಇದ್ದವರು ತಾವು. ಅವಳು ಇದನ್ನು ಹೇಗೆ ತಡೆಯುತ್ತಿದ್ದಳು? ಅಷ್ಟನ್ನು ತಿಳಿಸುವ ಕೃಪೆ ಮಾಡಬೇಕು.

ಇತಿ,
ಅಕ್ಕ


ಮಾರ್ಚ್ 11

ಅಕ್ಕನಿಗೆ,

ಕಾಗದ ತಲುಪಿತು. ಅದರಲ್ಲಿನ ಕೊಂಕು ಮಾತುಗಳನ್ನು ಸೋಸಿ ತೆಗೆದರೆ ಉಳಿಯುವುದು ಒಂದೇ ಸಾಲು: ಬೆಕ್ಕು ಪರಚುತ್ತಿದೆ, ನಿನಗೆ ತಡೆಯಲು ಬರುತ್ತಿಲ್ಲ. ಇದಕ್ಕೆ ಎರಡು ಹಾಳೆ ಖರ್ಚು ಮಾಡಿದ್ದೀಯ.

ಕ್ಯಾಂಪು ಮುಗಿದಿಲ್ಲ. ಹೊಸ ರಸ್ತೆಗೆ ಗುಡ್ಡದ ಮೇಲೆ ಗಡಿಕಲ್ಲು ನೆಡಿಸುತ್ತಿದ್ದೇವೆ. ಇರುವುದು ತಗಡಿನ ಶೆಡ್ಡು, ನೆಲವೆಲ್ಲ ಮಣ್ಣು, ಹೊರಗೆ ನಾಯಿಗಳು. ಇಲ್ಲಿಗೆ ಬೆಕ್ಕನ್ನು ತಂದರೆ ಒಂದು ದಿನವೂ ಉಳಿಯುವುದಿಲ್ಲ. ಕಿಟಕಿಗೆ ಪರದೆ ಬಿಡುವಷ್ಟು ಸುಲಭದ ಕೆಲಸವಲ್ಲ ನನ್ನದು.

ಬೆಕ್ಕಿನ ವಿಷಯಕ್ಕೆ ಬರುತ್ತೇನೆ. ಸಮಸ್ಯೆ ಬೆಕ್ಕಿನದಲ್ಲ, ನಿನ್ನ ವಿಧಾನದ್ದು. ಗದರಿದರೆ ಅದಕ್ಕೇನು ತಿಳಿಯುತ್ತದೆ? ಅಂಚಿನುದ್ದಕ್ಕೂ ಎರಡೂ ಕಡೆ ಅಂಟುವ ಟೇಪು ಹಚ್ಚು, ಬೆಕ್ಕಿಗೆ ಪಂಜ ಅಂಟಿದರೆ ಆಗದು. ಅಲ್ಲಲ್ಲಿ ನಿಂಬೆ ಸಿಪ್ಪೆ ಇಡು, ಆ ವಾಸನೆಗೆ ಹತ್ತಿರ ಸುಳಿಯುವುದಿಲ್ಲ. ಮುಖ್ಯವಾಗಿ ಪರಚಲಿಕ್ಕೆಂದೇ ಒಂದು ಕಂಬ ಮಾಡಿಸು. ಎತ್ತರ ತೊಂಬತ್ತು ಸೆಂಟಿಮೀಟರ್, ಸುತ್ತ ಸೆಣಬಿನ ಹಗ್ಗ. ನಕ್ಷೆಯನ್ನು ಇದರ ಜೊತೆ ಇಟ್ಟಿದ್ದೇನೆ. ಬಡಗಿಗೆ ಅರ್ಥವಾಗದಿದ್ದರೆ ನೀನು ಓದಿ ಹೇಳು. ನಿನಗೂ ಆಗದಿದ್ದರೆ ಅಕ್ಕಪಕ್ಕದಲ್ಲಿ ಓದಿದವರು ಯಾರಾದರೂ ಇರುತ್ತಾರೆ.

ಅಮ್ಮ ಹೇಗೆ ತಡೆಯುತ್ತಿದ್ದಳು ಎಂದು ಕೇಳಿದ್ದೀಯ. ಅವಳಿಗೆ ಅದೊಂದು ಸಮಸ್ಯೆಯೇ ಆಗಿರಲಿಲ್ಲ. ಎಲ್ಲದಕ್ಕೂ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಳ್ಳದವರಿಗೆ ಅನೇಕ ಸಮಸ್ಯೆಗಳು ಇರುವುದಿಲ್ಲ.

ನನ್ನ ಪಾಲಿನ ತುಂಡು ಟ್ರಂಕಿನಲ್ಲಿ ಕ್ಷೇಮವಾಗಿದೆ.

ತಮ್ಮ


ಮಾರ್ಚ್ 19

ಕಂಬ ಶಿಲ್ಪಿಗಳಿಗೆ,

ತಮ್ಮ ಮೂರೂ ಸಲಹೆಗಳನ್ನು ಪಾಲಿಸಿದ್ದೇನೆ. ವರದಿ ಒಪ್ಪಿಸುತ್ತೇನೆ.

ಟೇಪು. ದೊರೆಗಳು ಬಂದು ಮೂಸಿ, ಅದರ ಪಕ್ಕದಲ್ಲಿ ನಾಲ್ಕು ಬೆರಳು ಬಿಟ್ಟು ಪರಚಿದರು. ಅದಕ್ಕೆ ಅಂಟಿಕೊಂಡವರು ಶಾಲೆಯ ಹೆಡ್‌ಮಿಸ್ಸು. ಇಡೀ ಶಾಲೆಯ ಪರದೆಗೆ ಬಟ್ಟೆ ಆರಿಸಲು ಬಂದಿದ್ದವರು, ಒಂದು ಚಪ್ಪಲಿ ನನ್ನ ಕೋಣೆಯಲ್ಲಿ, ಒಂದು ಕಾಲು ಗಾಳಿಯಲ್ಲಿ ಎಂಬಂತೆ ನಿಂತು, "ಏನಮ್ಮಾ ಇದು, ಗಿರಾಕಿ ಓಡಿ ಹೋಗ್ಬಾರ್ದು ಅಂತಾನಾ?" ಎಂದು ಕೇಳಿದರು. ನನ್ನ ತಮ್ಮನ ತಲೆಯಿಂದ ಬಂದದ್ದು ಎಂದೆ. ತಲೆಯ ಬಗ್ಗೆ ಅವರು ಹೇಳಿದ್ದನ್ನು ಬರೆಯುವುದಿಲ್ಲ.

ನಿಂಬೆ ಸಿಪ್ಪೆ. ಅದರ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯಿತು.

ಇನ್ನು ಕಂಬ. ಬಡಗಿ ನಕ್ಷೆಯನ್ನು ತಲೆಕೆಳಗಾಗಿ ಹಿಡಿದರೂ ಕಂಬ ಒಂದೇ ಥರ ಕಾಣುತ್ತದೆ ಎಂದು ನಕ್ಕ. ತೊಂಬತ್ತು ಸೆಂಟಿಮೀಟರ್ ಕಂಬ ಈಗ ಕೋಣೆಯ ನಡುವೆ ನಿಂತಿದೆ. ತಮ್ಮ ಗಡಿಕಲ್ಲುಗಳೂ ಹೀಗೇ ಯಾರಿಗೂ ಬೇಡದೆ ನಿಂತಿರುತ್ತವೇನೋ. ದೊರೆಗಳು ಅದರ ಬುಡದಲ್ಲಿ ಒಂದು ಕ್ಷಣ ಕೂತು, ಮೇಲಕ್ಕೆ ನೋಡಿ, ಎದ್ದು ಹೋಗಿ ಅಂಚನ್ನು ಪರಚಿದರು. ಒಂದು ಪಂಜವನ್ನೂ ಕಂಬಕ್ಕೆ ಮುಟ್ಟಿಸಲಿಲ್ಲ. ನಾನೇ ಎತ್ತಿ ಮುಂಗಾಲುಗಳನ್ನು ಹಗ್ಗಕ್ಕೆ ಇಡಿಸಿದೆ. ಕೂಗಿಕೊಂಡು ನನ್ನ ಮಣಿಕಟ್ಟಿನಿಂದ ಮೊಣಕೈವರೆಗೆ ತಮ್ಮ ನಕ್ಷೆಗಿಂತ ನೇರವಾದ ಗೆರೆ ಎಳೆಯಿತು. ಸೊಕ್ಕು ಎಂದರೆ ಇದು. ನಮ್ಮ ಮನೆತನದ್ದೇ ಬಂದಿದೆ.

ಆದ್ದರಿಂದ ಕೇಳಿ. ಹಿಂದಿನ ಬೀದಿಯ ಧಾನ್ಯದ ಗೋದಾಮಿನ ಕಾವಲುಗಾರ ಇಲಿಗಳಿಗೆಂದು ಬೆಕ್ಕು ಹುಡುಕುತ್ತಿದ್ದಾನೆ. "ಮುದಿಯಾದ್ರೂ ಪರ್ವಾಗಿಲ್ಲಮ್ಮ, ವಾಸನೆಗೇ ಇಲಿ ಓಡ್ತವೆ" ಎಂದಿದ್ದಾನೆ. ಮಾರ್ಚ್ ಮೂವತ್ತೊಂದಕ್ಕೆ ಗೋಣಿಚೀಲ ತರಲು ಹೇಳಿದ್ದೇನೆ. ಅಷ್ಟರೊಳಗೆ ಬಂದು ಕರೆದುಕೊಂಡು ಹೋಗಿ, ಇಲ್ಲವೇ ಕೆಲಸಕ್ಕೆ ಬರುವ ಒಂದು ಮಾತಾದರೂ ಬರೆಯಿರಿ. ಎರಡು ವರ್ಷ ಅದೇ ಸೂರಿನ ಕೆಳಗೆ ಇದ್ದು ತಾವು ನೋಡಿದ್ದೇನು, ಬರೀ ಗೋಡೆಯನ್ನಾ?

ಅಕ್ಕ


ಮಾರ್ಚ್ 25

ಅಕ್ಕನಿಗೆ,

ಕೊಡು. ಧಾರಾಳವಾಗಿ ಕೊಟ್ಟುಬಿಡು. ಕೈ ತೊಳೆದುಕೊಳ್ಳುವುದು ನಿನಗೆ ಹೊಸದೇನಲ್ಲ. ಅಮ್ಮ ಮಲಗಿದ್ದ ಎರಡು ವರ್ಷದಲ್ಲಿ ಮೂರು ಸಲ ಬಂದೆ. ಮೂರು ಸಲವೂ ಅವಳ ಪಕ್ಕ ಹತ್ತು ನಿಮಿಷ ಕೂತು, ಮಿಕ್ಕ ಹೊತ್ತೆಲ್ಲ ಕಿಟಕಿಗಳ ಅಳತೆ ತೆಗೆದುಕೊಂಡೆ. ಆ ಮನೆಗೆ ನೀನು ಕೊಟ್ಟದ್ದು ಹೂವಿನ ಚಿತ್ರದ ಪರದೆ. ಅಮ್ಮ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದಳು, ನನಗೆ ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ನಾನು ನೋಡಿದ್ದು ಗೋಡೆಯನ್ನಲ್ಲ. ಏನನ್ನು ನೋಡಿದೆ ಎಂದು ನಿನಗೆ ಹೇಳಬೇಕಾದ ದರ್ದೂ ನನಗಿಲ್ಲ. ಹದಿನಾರು ವರ್ಷದ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ಕಳಿಸುವವಳಿಗೆ ಒಂದು ತುಂಡು ರತ್ನಗಂಬಳಿ ಕ್ಷೇಮವಾಗಿದ್ದರೆ ಸಾಕು. ಹಾಸಿಕೊಂಡು ಸುಖವಾಗಿರು.

ತಮ್ಮ


ಏಪ್ರಿಲ್ 3

ಅಕ್ಕ,

ಮೂವತ್ತೊಂದು ಕಳೆಯಿತು. ಏನು ಮಾಡಿದೆ ಬರೆ.


ಏಪ್ರಿಲ್ 10

ಅಕ್ಕ,

ಕೊಟ್ಟುಬಿಡು ಎಂದದ್ದು ಕೋಪಕ್ಕೆ. ನೀನು ನನ್ನ ಮಾತನ್ನು ಹುಟ್ಟಿದಾಗಿನಿಂದ ಒಂದು ಸಲವೂ ಕೇಳಿದವಳಲ್ಲ, ಇದೊಂದನ್ನು ಯಾಕೆ ಕೇಳಬೇಕಿತ್ತು? ಗೋದಾಮು ಯಾವ ಬೀದಿ, ಕಾವಲುಗಾರ ಯಾವ ಹೊತ್ತಿಗೆ ಇರುತ್ತಾನೆ, ತಿಳಿಸು. ರಜೆ ಕೇಳಿದ್ದೇನೆ, ಕೊಟ್ಟಿಲ್ಲ. ದೊರೆ ಇದ್ದಾನೋ ಇಲ್ಲವೋ, ಅಷ್ಟನ್ನಾದರೂ ಒಂದು ಸಾಲು ಗೀಚಿ ಹಾಕು.

ತಮ್ಮ


ಏಪ್ರಿಲ್ 14

ತಮ್ಮನಿಗೆ,

ಇದ್ದಾನೆ. ಈಗ ನನ್ನ ಹೊಲಿಗೆ ಯಂತ್ರದ ಮೇಲೆ ಬಾಲ ಇಳಿಬಿಟ್ಟುಕೊಂಡು ಕೂತಿದ್ದಾನೆ. ಶಾಲೆಯ ಪರದೆಗಳು ಅರ್ಧಕ್ಕೆ ನಿಂತಿವೆ.

ಕಾವಲುಗಾರ ಹೇಳಿದ ದಿನವೇ ಚೀಲದೊಂದಿಗೆ ಬಂದ. ಚೀಲಕ್ಕೆ ಹಾಕಲೆಂದು ನಾನೇ ಎತ್ತಿಕೊಂಡೆ. ಎಡ ಪಂಜದಲ್ಲಿ ರಕ್ತ ಇತ್ತು. ಬಿಡಿಸಿ ನೋಡಿದರೆ ಒಂದು ಉಗುರು ಸುತ್ತಿಕೊಂಡು ಬೆಳೆದು ಅಂಗಾಲಿನ ಮೆತ್ತೆಗೇ ನಾಟಿದೆ. ಕಾವಲುಗಾರನಿಗೆ ಬೆಕ್ಕಿಗೆ ಅಂಟುರೋಗ ಇದೆ, ಇಲಿಗಳಿಗೂ ಹರಡುತ್ತದೆ ಎಂದೆ. "ಇಲಿಗೆ ಹರಡಿದ್ರೆ ಒಳ್ಳೇದೇ ಅಲ್ವಾಮ್ಮ?" ಎಂದ. ಇವನೂ ನಿನ್ನ ಹಾಗೆಯೇ ಬುದ್ಧಿವಂತ. ಬಾಗಿಲು ಹಾಕಿಕೊಂಡೆ.

ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಒಯ್ದೆ. ಉಗುರು ಬಿಡಿಸಿ, ಕಾಲುಗಳನ್ನು ಮಡಿಸಿ ಬಿಚ್ಚಿ ನೋಡಿದರು. ನಾನು ಕಂಬದ ವಿಷಯ ಹೇಳಿದೆ.

"ಇದಕ್ಕೆ ಮುಂಗಾಲು ಮೇಲಕ್ಕೆ ಎತ್ತಕ್ಕೇ ಆಗಲ್ಲ ಕಣಮ್ಮಾ. ಕೀಲೆಲ್ಲ ಗಟ್ಟಿಯಾಗಿವೆ. ಎತ್ತಿದ್ರೆ ಪ್ರಾಣ ಹೋಗೋ ಥರ ನೋವು. ಅದಕ್ಕೇ ನೆಲದ ಮೇಲೆ ಪರಚತ್ತೆ. ಕಂಬ ಯಾರು ಹೇಳಿದ್ದು ನಿಮಗೆ?"

"ನನ್ನ ತಮ್ಮ."

"ಅವರೇನು ಡಾಕ್ಟ್ರಾ?"

"ಸರ್ವೆಯರು."

ಡಾಕ್ಟರಮ್ಮ ಇನ್ನೊಂದು ಪಂಜ ಬಿಡಿಸಿ ನೋಡಿದರು.

ಹೀಗಿದೆ. ನಾನು ಸೊಕ್ಕು ಎಂದುಕೊಂಡದ್ದು ನೋವು. ಆ ದಿನ ಅವನನ್ನು ಎತ್ತಿ ಕಂಬಕ್ಕೆ ನಿಲ್ಲಿಸಿದವಳು ನಾನು. ನಿನ್ನನ್ನು ಬೈದುಕೊಂಡು ಮನೆಗೆ ಬಂದೆ, ಅರ್ಧ ದಾರಿಯಲ್ಲಿ ಬೈಗುಳ ಮುಗಿದುಹೋಯಿತು. ಅಮ್ಮನೂ ಕೊನೆಯಲ್ಲಿ ನಾನು ಕೊಟ್ಟ ಲೋಟ ತೆಗೆದುಕೊಳ್ಳದೆ ಮುಖ ತಿರುಗಿಸಿದ್ದಳು. ಹಟ ಎಂದುಕೊಂಡು ಕಿಟಕಿ ಅಳೆಯಲು ಎದ್ದು ಹೋಗಿದ್ದೆ. ಅವಳಿಗೂ ಕೈ ಎತ್ತಲು ಆಗುತ್ತಿರಲಿಲ್ಲವೇ? ಇದಕ್ಕೆ ನೀನು ಉತ್ತರ ಬರೆಯಬೇಡ.

"ಪರಚೋದನ್ನ ನಿಲ್ಸಕ್ಕಾಗಲ್ಲಮ್ಮ, ಉಗುರು ಅಂದ್ಮೇಲೆ ಪರಚಲೇಬೇಕು. ಎಲ್ಲಿ ಪರಚಬಹುದು ಅನ್ನೋ ಜಾಗ ಕೊಡಬೇಕಷ್ಟೆ. ಮುಂಚೆ ಎಲ್ಲಿ ಪರಚ್ತಿತ್ತು? ಉಗುರು ಯಾರು ಕತ್ತರಿಸ್ತಿದ್ರು?" ಎಂದು ಡಾಕ್ಟರಮ್ಮ ಕೇಳಿದರು. ಎರಡಕ್ಕೂ ಗೊತ್ತಿಲ್ಲ ಎಂದೆ. ಮನೆಗೆ ಬಂದು ಅಮ್ಮನ ಹೊಲಿಗೆ ಡಬ್ಬಿ ಮಗುಚಿದೆ. ಕೊಕ್ಕು ಬಾಗಿದ ಒಂದು ಪುಟ್ಟ ಕತ್ತರಿ ಇತ್ತು. ದಾರವೂ ತುಂಡಾಗದ ಈ ಮೊಂಡನ್ನು ಯಾಕೆ ಇಟ್ಟಿದ್ದಾಳೋ ಎಂದು ಐದು ತಿಂಗಳ ಹಿಂದೆ ಡಬ್ಬಿಯ ಮೂಲೆಗೇ ಎಸೆದಿದ್ದೆ. ಉಗುರಿಗೆ ಅದು ಬೆಣ್ಣೆಯ ಹಾಗೆ ಓಡುತ್ತದೆ.

ಈಗ ನಿನ್ನ ಸರದಿ. ಒಂದು ವಾರದಿಂದ ನಾನು ಗದರದೆ ಸುಮ್ಮನೆ ಕೂತು ನೋಡುತ್ತಿದ್ದೇನೆ. ಅವನು ನೇರ ಆ ಅಂಚಿಗೆ ಬರುತ್ತಾನೆ. ಒಂದು ಕಾಲನ್ನು ಆಚೆಯ ಬರಿ ನೆಲದ ಮೇಲೆ ಇಡುತ್ತಾನೆ, ತೆಗೆಯುತ್ತಾನೆ, ಮತ್ತೆ ಇಡುತ್ತಾನೆ. ಸಿಗದಿದ್ದಾಗ ಅಂಚನ್ನೇ ಪರಚುತ್ತಾನೆ. ಹುಡುಕುತ್ತಿರುವುದು ಅಂಚನ್ನಲ್ಲ, ಅದರಾಚೆ ಇದ್ದದ್ದನ್ನು. ನಿನ್ನ ಪಾಲಿನ ತುಂಡಿನಲ್ಲಿ ಏನಿದೆ? ಸುತ್ತಿ ಬಳಸಿ ಬರೆದರೆ ಹರಿದು ಹಾಕುತ್ತೇನೆ.

ಅಕ್ಕ


ಏಪ್ರಿಲ್ 21

ಅಕ್ಕ,

ನಿನ್ನ ಕಾಗದದ ಮೊದಲ ಪದ, ಆ "ಇದ್ದಾನೆ", ಓದಿ ಶೆಡ್ಡಿನ ಹೊರಗೆ ಹೋಗಿ ಬಂದೆ. ಆಮೇಲೆ ಮಿಕ್ಕಿದ್ದು ಓದಿದೆ.

ನನ್ನ ತುಂಡಿನಲ್ಲಿ, ಕತ್ತರಿಸಿದ ಅಂಚಿಗೆ ತಾಗಿದ ಹಾಗೆ, ಬೋಳಾದ ಒಂದು ಜಾಗ ಇದೆ. ನೀನೂ ನೋಡಿರುತ್ತೀಯ. ಅದು ಕುರ್ಚಿ ತಿಕ್ಕಿ ಸವೆದದ್ದಲ್ಲ. ಅಮ್ಮನ ಕುರ್ಚಿ ಅಲ್ಲಿತ್ತು. ಸಂಜೆ ಅವಳನ್ನು ಎಬ್ಬಿಸಿ ಕೂರಿಸಿದ ಕೂಡಲೇ ದೊರೆ ಅವಳ ಎರಡು ಪಾದಗಳ ನಡುವೆ ಬಂದು ಪರಚುತ್ತಿದ್ದ. "ಗೀರಪ್ಪಾ ದೊರೆ, ಇಷ್ಟು ಮಾತ್ರ ನಿನ್ನ ಜಹಗೀರು" ಎನ್ನುತ್ತಿದ್ದಳು. ಸಾಕೆನಿಸಿದಾಗ ಹಿಮ್ಮಡಿಯನ್ನು ಮೆಲ್ಲಗೆ ಅವನ ಪಂಜದ ಮುಂದೆ ಇಡುತ್ತಿದ್ದಳು, ಅವನು ನಿಲ್ಲಿಸುತ್ತಿದ್ದ. ಬೇರೆಲ್ಲೂ ಒಂದು ನೂಲನ್ನೂ ಅವನು ಕೀಳಲಿಲ್ಲ. ತಡೆಯುವ ಉಪಾಯ ಅಷ್ಟೇ. ಉಗುರು ಅವಳು ಯಾವಾಗ ಕತ್ತರಿಸುತ್ತಿದ್ದಳೋ, ನನಗೂ ಗೊತ್ತಿರಲಿಲ್ಲ.

ಮೊದಲ ಕಾಗದದಲ್ಲೇ ಹೇಳಬಹುದಿತ್ತು. ಹೇಳಿದರೆ ನೀನು ಆ ತುಂಡನ್ನು ಕೇಳುತ್ತೀಯ ಎಂದು ಹೇಳಲಿಲ್ಲ. ಅಲ್ಲಿ ಅವಳ ಹಿಮ್ಮಡಿ ಊರಿ ಊರಿ ಎರಡು ಗುಳಿ ಬಿದ್ದಿವೆ. ನನಗೆ ಬೇಕಾಗಿದ್ದದ್ದು ಅದೇ. ಬೆಕ್ಕು ನರಳುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಕಂಬದ ನಕ್ಷೆ ಬರೆದು ದೊಡ್ಡ ಮನುಷ್ಯನಾದೆ.

ಇನ್ನೊಂದು ಇದೆ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ ಎಂದದ್ದು ಸುಳ್ಳು. ಸರಿಯಾದ ಮಧ್ಯದ ಗೆರೆ ಆ ಜಾಗದ ನಡುವೆಯೇ ಹೋಗುತ್ತಿತ್ತು. ನಾನು ಎಂಟು ಸೆಂಟಿಮೀಟರ್ ನಿನ್ನ ಕಡೆ ಸರಿಸಿದೆ. ನನ್ನ ತುಂಡು ನಿನ್ನದಕ್ಕಿಂತ ಹದಿನಾರು ಸೆಂಟಿಮೀಟರ್ ಉದ್ದ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ನಾನು ಬೇಕೆಂದೇ ತಪ್ಪಾಗಿ ಎಳೆದ ಗೆರೆ ಅದೊಂದೇ.

ಆ ಜಾಗವನ್ನು ಅಳೆದು, ಅರವತ್ತು ಸೆಂಟಿಮೀಟರ್ ಚೌಕ ಕತ್ತರಿಸಿ ಪಾರ್ಸೆಲ್ ಮಾಡಿದ್ದೇನೆ. ಗೀರಲಿ. ಮಿಕ್ಕಿದ್ದು ನನಗಿರಲಿ.

ತಮ್ಮ


ಏಪ್ರಿಲ್ 29

ಬೆಪ್ಪುತಕ್ಕಡಿಗೆ,

ಮತ್ತೆ ಕತ್ತರಿಸಿದೆಯಾ?

ಒಮ್ಮೆ ಕತ್ತರಿಸಿ ಮಾಡಿಕೊಂಡ ಎಡವಟ್ಟು ಸಾಲದೆಂದು ಈಗ ಮೂರು ತುಂಡು ಮಾಡಿದ್ದೀಯ. ಅದೂ ಎಂಥ ಕತ್ತರಿಕೆ! ಅಂಚನ್ನು ಆ ಗೋದಾಮಿನ ಇಲಿಗಳು ಇದಕ್ಕಿಂತ ನೇರವಾಗಿ ಕಡಿಯುತ್ತಿದ್ದವು. ಪೂರ್ತಿ ಕಳಿಸಲು ಮನಸ್ಸಾಗಲಿಲ್ಲ, ಅಲ್ಲವಾ? ಇರಲಿ. ನನಗೂ ಆಗುತ್ತಿರಲಿಲ್ಲ.

ಚೌಕವನ್ನು ನನ್ನ ಅಂಚಿಗೆ ತಾಗಿಸಿ ಹಾಸಿದೆ. ದೊರೆ ಬಂದ. ಒಂದು ಕಾಲು ಆಚೆ ಇಟ್ಟ, ತೆಗೆಯಲಿಲ್ಲ. ಇನ್ನೊಂದು ಕಾಲೂ ಇಟ್ಟ. ಬಗ್ಗಿ ಮೂಸಿ, ಆಮೇಲೆ ಗೀರಿದ ಪರಿ ನೋಡಬೇಕಿತ್ತು, ಕಣ್ಣು ಮುಚ್ಚಿಕೊಂಡು, ನಿಧಾನವಾಗಿ, ಯಾರೋ ಕಾಯುತ್ತಿದ್ದಾರೆ ಎಂಬ ಅವಸರವೇ ಇಲ್ಲದೆ. ನಾನು ಕುರ್ಚಿ ಎಳೆದುಕೊಂಡು ಕೂತೆ. ಆ ಗುಳಿಗಳಲ್ಲಿ ಹಿಮ್ಮಡಿ ಇಟ್ಟೆ. ಸರಿಯಾಗಿ ಕೂತವು. ಅಮ್ಮನ ಪಾದವೂ ನನ್ನದೂ ಒಂದೇ ಅಳತೆ ಎಂದು ಐವತ್ತೊಂದನೆಯ ವಯಸ್ಸಿನಲ್ಲಿ ತಿಳಿಯಿತು. ಪರದೆಯ ನೆಪದಲ್ಲಿ ಎಲ್ಲರ ಮನೆ ಅಳೆದವಳು ನಾನು. ಅತ್ತುಬಿಟ್ಟೆ, ತಮ್ಮಾ. ಅಂಗಡಿಯ ಬಾಗಿಲು ತೆರೆದೇ ಇತ್ತು, ಹೆಡ್‌ಮಿಸ್ಸು ಬಂದು ನೋಡಿ ಬಾಗಿಲಿನಿಂದಲೇ ಹಿಂದಕ್ಕೆ ಹೋದರು. ನನ್ನ ಅಂಚನ್ನು ಅವನು ಆಮೇಲೆ ಮುಟ್ಟಿಲ್ಲ.

ಇನ್ನು ನಿನ್ನ ಹದಿನಾರು ಸೆಂಟಿಮೀಟರ್. ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಕಣ್ಣಿಗೆ ಅದು ಕಾಣುವುದಿಲ್ಲ ಎಂದುಕೊಂಡೆಯಾ? ಸೀಮೆಸುಣ್ಣ ಎಳೆದ ಕ್ಷಣವೇ ಕಂಡಿತು. ಬೋಳು ಜಾಗವನ್ನು ತಾನೇ ಆರಿಸಿಕೊಂಡ ದಡ್ಡ, ಪಾಪ, ನಾಲ್ಕು ಬೆರಳು ಹೆಚ್ಚು ಇಟ್ಟುಕೊಳ್ಳಲಿ ಎಂದು ಒಳಗೊಳಗೇ ನಗುತ್ತ ಕತ್ತರಿ ಆಡಿಸಿದೆ. ಒಳ್ಳೆಯ ಭಾಗ ನನಗೆ ಬಂತು ಎಂದು ಮನೆಯವರೆಗೂ ಬೀಗಿದೆ. ಅಕ್ಕನಿಗೆ ಟೋಪಿ ಹಾಕಿದೆ ಎಂದು ನೀನು ಬೀಗಿದ್ದೆ, ತಮ್ಮನಿಗೆ ಹಾಕಿದೆ ಎಂದು ನಾನು. ನಡುವೆ ತಲೆ ಬೋಳಾದದ್ದು ಬೆಕ್ಕಿನದು.

ನಿನ್ನ ಹತ್ತಿರ ಈಗ ಉಳಿದಿರುವುದು ಅಂಚಿನಲ್ಲಿ ಚೌಕ ಕತ್ತರಿಸಿಹೋದ ಒಂದು ತುಂಡು. ಅದನ್ನು ಅಂಚೆಗೆ ಹಾಕಬೇಡ, ನಿನ್ನ ಗಂಟು ಬಿಚ್ಚುವಷ್ಟರಲ್ಲಿ ನನ್ನ ಎರಡು ಉಗುರು ಮುರಿದವು. ಹೊತ್ತುಕೊಂಡು ಬಾ. ದಪ್ಪ ಸೂಜಿ ತಂದಿಟ್ಟಿದ್ದೇನೆ. ಮೂರನ್ನೂ ಕೂಡಿಸಲು ನಾಲ್ಕು ದಿನವಾದರೂ ಬೇಕು, ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಎದುರಿಗೆ ಒಬ್ಬರು ಬಿಗಿಯಾಗಿ ಹಿಡಿದು ಕೂರಬೇಕು. ಕತ್ತರಿಸುವಾಗ ಹಿಡಿದಿದ್ದೆಯಲ್ಲ, ಹಾಗೆಯೇ. ಮಾತಾಡಬೇಕೆಂದೇನೂ ಇಲ್ಲ, ನನ್ನ ದನಿ ನಿನಗೆ ಆಗದು.

ರಜೆ ಕೊಡದಿದ್ದರೆ ಕೇಳದೆ ಬಾ. ಡಾಕ್ಟರಮ್ಮ ದೊರೆಯ ಬಗ್ಗೆ ಹೇಳಿದ ಇನ್ನೊಂದು ಮಾತನ್ನು ನಾನು ಬರೆದಿರಲಿಲ್ಲ. ಹೊಸ ವರ್ಷ ನೋಡುವುದು ಅನುಮಾನ. ತನ್ನ ಜಹಗೀರು ಇಡಿಯಾಗಿ ಇರುವುದನ್ನು ಅವನು ಒಮ್ಮೆ ನೋಡಲಿ.

ಬರುವಾಗ ಅಳತೆ ಟೇಪು ತರಬೇಡ. ನನ್ನದಿದೆ.

ಅಕ್ಕ